ಬಣ್ಣ ಕೈಬಿಟ್ಟಿತು, ಗೆರೆ ಉಳಿಯಿತು

ಸಿಇಟಿ ಫಲಿತಾಂಶ ಬಂದಾಗಿನಿಂದ ನಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಕೂತಿದೆ. ಎಡಗಡೆಯ ಪುಟದಲ್ಲಿ ಅಪ್ಪ ಬರೆದ ಪಟ್ಟಿ. ಕಾಲೇಜಿನ ಹೆಸರು, ಕೋಡ್, ಹೋದ ವರ್ಷದ ಕಟ್‌ಆಫ್ ರ‍್ಯಾಂಕ್, ಬ್ರಾಂಚ್. ಬ್ರಾಂಚ್ ಎಂಬ ಕಾಲಮಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಹೆಸರು, ಕಂಪ್ಯೂಟರ್ ಸೈನ್ಸ್. ಬಲಗಡೆಯ ಪುಟದಲ್ಲಿ ತಂಗಿ ಬರೆದದ್ದು ಒಂದೇ ಸಾಲು: ದೃಶ್ಯಕಲಾ ಮಹಾವಿದ್ಯಾಲಯ, ದಾವಣಗೆರೆ. ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಬಾತಿ ಗುಡ್ಡದ ಚಿತ್ರ. ಆ ಕಾಲೇಜಿಗೆ ಸಿಇಟಿ ಬೇಕಿಲ್ಲ, ಅರ್ಜಿ ಬೇರೆ. ಸಿಇಟಿ ಬೇಡವಾದ ಮೇಲೆ ಎರಡು ವರ್ಷ ಸೈನ್ಸ್ ಓದಿಸಿದ್ದು, ಟ್ಯೂಷನ್‌ಗೆ ದುಡ್ಡು ಕಟ್ಟಿದ್ದು ಯಾಕೆ ಎನ್ನುವುದು ಅಪ್ಪನ ಪ್ರಶ್ನೆ. ಆಪ್ಷನ್ ಎಂಟ್ರಿಯ ಕೊನೆಯ ದಿನ ಹತ್ತಿರ ಬರುತ್ತಿದೆ. ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಮಾತಾಡುತ್ತಿಲ್ಲ.

ಅಪ್ಪನ ಭಯ ಸುಳ್ಳಲ್ಲ. ಅದಕ್ಕೆ ಕಾರಣ ನಾನೇ. ನಾಲ್ಕೈದು ವರ್ಷದ ಹಿಂದೆ ಗೆಳೆಯರು ಹೋದರೆಂದು ನಾನೂ ಒಂದು ಕಾಲೇಜು ಸೇರಿದೆ. ಅಲ್ಲಿ ಏನು ಕಲಿಸುತ್ತಾರೆ ಎಂದು ಕೇಳಲಿಲ್ಲ, ಬಸ್ ಪಾಸ್ ಎಷ್ಟಾಗುತ್ತದೆ ಎಂದು ಮಾತ್ರ ಕೇಳಿದೆ. ಡಿಗ್ರಿ ಕೈಯಲ್ಲಿದೆ. ಬೆಳಗ್ಗೆ ಎದ್ದರೆ ಕೆಪಿಎಸ್‌ಸಿ, ರೈಲ್ವೆ, ಬ್ಯಾಂಕ್ ಅಂತ ಒಂದರ ಹಿಂದೆ ಒಂದು ನೋಟಿಫಿಕೇಶನ್ ನೋಡುವ ಕೆಲಸ. ಒಬ್ಬ ಮಗ ಹೀಗೆ ಕೂತಿರುವಾಗ ಮಗಳು ಚಿತ್ರ ಬರೆಯಲು ಹೋಗುತ್ತೇನೆ ಎಂದರೆ ಯಾವ ಅಪ್ಪನಿಗಾದರೂ ಎದೆ ಝಲ್ ಎನ್ನುತ್ತದೆ.

ಈ ಜಗಳದ ನಡುವೆ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಥೆ ತೆಗೆದವರು ನಮ್ಮ ಅಜ್ಜ. ನಮ್ಮೂರು ದೊಡ್ಡಬಾತಿ. ದಾವಣಗೆರೆಗೂ ಹರಿಹರಕ್ಕೂ ನಡುವೆ, ಪಿ.ಬಿ. ರಸ್ತೆಯ ಪಕ್ಕ. ಅಜ್ಜ ಇಲ್ಲಿಂದ ಸೈಕಲ್ ತುಳಿದುಕೊಂಡು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಗೆ ಹೋಗಿ ಟರ್ನರ್ ಆಗಿ ದುಡಿದವರು. ಕಾರ್ಖಾನೆಯವರು ಕಟ್ಟಿಸಿದ ಕಾಲೊನಿಗೆ ಯಂತ್ರಾಪುರ ಎಂದೇ ಹೆಸರು. ನಮ್ಮ ವಯಸ್ಸಿನವರಿಗೆ ಅದು ಬಸ್ಸಿನ ಕಿಟಕಿಯಿಂದ ಕಾಣುವ ಒಂದು ಸ್ಟಾಪ್ ಅಷ್ಟೆ. ಆದರೆ ಐಟಿಐ, ಪಾಲಿಟೆಕ್ನಿಕ್ ಓದಿದ ಗೆಳೆಯರು ವರ್ಕ್‌ಶಾಪಿನ ಹಳೇ ಲೇತಿನ ಮೇಲೆ ಆ ಹೆಸರು ನೋಡಿರುತ್ತಾರೆ. ಗದ್ದೆ ಇರುವವರಿಗಂತೂ ಕಿರ್ಲೋಸ್ಕರ್ ಎಂದರೆ ಪಂಪ್‌ಸೆಟ್. ಅದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯ ಓದಲು ಹೋಗಿದ್ದು ಚಿತ್ರಕಲೆ ಎಂದು ನನಗೂ ಗೊತ್ತಿರಲಿಲ್ಲ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ. ತಂದೆ ಕಾಶೀನಾಥಪಂತರು ವೇದಾಂತ ಓದಿಕೊಂಡವರು. ಇಂಥ ಮನೆಯಲ್ಲಿ ಹುಡುಗರು ಓದಿ ಸರ್ಕಾರಿ ಕೆಲಸವನ್ನೋ ಶಾಸ್ತ್ರವನ್ನೋ ಹಿಡಿಯಬೇಕು ಎನ್ನುವುದು ಆಗಿನ ರೂಢಿ. ಲಕ್ಷ್ಮಣನಿಗೆ ಶಾಲೆಯ ಪುಸ್ತಕ ಹಿಡಿಸಲಿಲ್ಲ. ಅವನಿಗೆ ಹಿಡಿಸಿದ್ದು ಎರಡೇ: ಚಿತ್ರ ಬರೆಯುವುದು ಮತ್ತು ಯಂತ್ರದ ಸಾಮಾನು ಬಿಚ್ಚಿ ನೋಡುವುದು. ಈ ಎರಡರಲ್ಲಿ ಯಾವುದನ್ನೂ ಆ ಕಾಲದ ಸಂಪ್ರದಾಯದ ಮನೆ ಓದು ಎಂದು ಒಪ್ಪುತ್ತಿರಲಿಲ್ಲ.

ಅವನಿಗೆ ಹದಿನಾರು ವರ್ಷ ಆದಾಗ, ಅಂದರೆ 1885ರಲ್ಲಿ, ಬೆಳಗಾವಿ ಸೀಮೆಯ ಹುಡುಗನ ಮುಂದೆ ಇದ್ದ ಕಾಲೇಜುಗಳ ಪಟ್ಟಿ ಹೇಗಿತ್ತು ಎಂದು ಸ್ವಲ್ಪ ಯೋಚಿಸಿ. ಬೆಳಗಾವಿಯ ಲಿಂಗರಾಜ ಕಾಲೇಜು ಶುರುವಾಗಿದ್ದು 1933ರಲ್ಲಿ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೂ 1917ರದ್ದೇ. ನಮ್ಮ ದಾವಣಗೆರೆಯ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಬಂದದ್ದು ಇನ್ನೂ ತಡವಾಗಿ, 1951ರಲ್ಲಿ. ಹಾಗಾಗಿ ಓದಬೇಕೆಂದರೆ ಪುಣೆ ಅಥವಾ ಮುಂಬೈಗೆ ಹೋಗಲೇಬೇಕು. ಪುಣೆಯಲ್ಲಿ ಡೆಕ್ಕನ್ ಕಾಲೇಜಿತ್ತು. ಅದೇ 1885ರ ಜನವರಿಯಲ್ಲಿ ಫರ್ಗ್ಯುಸನ್ ಕಾಲೇಜು ಶುರುವಾಗಿತ್ತು. ಎಂಜಿನಿಯರ್ ಆಗುವವರಿಗೆ ಪುಣೆಯಲ್ಲೇ ಕಾಲೇಜ್ ಆಫ್ ಸೈನ್ಸ್ ಇತ್ತು. ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಲ್ಲಿ ಓದಿ 1883ರಲ್ಲಷ್ಟೇ ಹೊರಬಂದಿದ್ದರು. ಮುಂಬೈನಲ್ಲಿ ಎಲ್ಫಿನ್‌ಸ್ಟನ್ ಕಾಲೇಜು, ಗ್ರ್ಯಾಂಟ್ ಮೆಡಿಕಲ್ ಕಾಲೇಜು. ಮರ್ಯಾದೆಯ ಓದು ಎಂದರೆ ಇವು.

ಲಕ್ಷ್ಮಣ ಆರಿಸಿಕೊಂಡದ್ದು ಇವು ಯಾವುದನ್ನೂ ಅಲ್ಲ. ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್. ಜಮ್ಶೇಟ್‌ಜಿ ಜೀಜೀಭಾಯ್ ಎಂಬ ಪಾರ್ಸಿ ವ್ಯಾಪಾರಿ ಕೊಟ್ಟ ದಾನದಿಂದ 1857ರಲ್ಲಿ ಶುರುವಾದ ಶಾಲೆ ಅದು. ಚಿತ್ರ, ಶಿಲ್ಪ, ಅಲಂಕಾರದ ಕೆಲಸ ಕಲಿಸುತ್ತಿದ್ದರು. ತಂದೆಗೆ ಈ ಆಯ್ಕೆ ಸುತರಾಂ ಇಷ್ಟವಿರಲಿಲ್ಲ. ಖರ್ಚಿಗೆ ಹಣ ಕೊಟ್ಟವರು ಹಿರಿಯ ಅಣ್ಣ ರಾಮಚಂದ್ರ. ಮನೆಯವರೆಲ್ಲ ಅವರನ್ನು ರಾಮುವಣ್ಣ ಎನ್ನುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಥ ದೊಡ್ಡವರ ಕಥೆ ಹೇಳುವಾಗ ನಾವು ಛಲ, ಕನಸು, ಧೈರ್ಯ ಎಂದೆಲ್ಲ ಹೇಳಿ ಮುಗಿಸುತ್ತೇವೆ. ಫೀಸು ಯಾರು ಕಟ್ಟಿದರು ಎಂದು ಕೇಳುವುದಿಲ್ಲ. ತಂದೆ ಬೇಡವೆಂದ ಮೇಲೂ ಹುಡುಗ ಮುಂಬೈಗೆ ಹೋದದ್ದು ಕನಸಿನ ಬಲದಿಂದಲ್ಲ, ಅಣ್ಣನ ಜೇಬಿನ ಬಲದಿಂದ. ಅಜ್ಜ ಇದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ ನನ್ನ ಜೇಬಿನಲ್ಲಿ ಇದ್ದದ್ದು ಪರೀಕ್ಷೆಯ ಹಾಲ್ ಟಿಕೆಟ್ ಮಾತ್ರ.

ಎರಡು ವರ್ಷ ಲಕ್ಷ್ಮಣ ಅಲ್ಲಿ ಚಿತ್ರ ಕಲಿತ. ಆಮೇಲೆ ಗೊತ್ತಾಯಿತು, ಅವನಿಗೆ ಕೆಲವು ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ ಎಂದು. ಭಾಗಶಃ ಬಣ್ಣಗುರುಡು. ಚಿತ್ರಕಾರನಾಗಲು ಊರು ಬಿಟ್ಟು, ತಂದೆಯ ಮಾತು ಮೀರಿ, ಅಣ್ಣನ ದುಡ್ಡಿನಲ್ಲಿ ಓದುತ್ತಿರುವ ಹುಡುಗನಿಗೆ ಬಣ್ಣವೇ ಕಾಣುವುದಿಲ್ಲ ಎಂದರೆ ಏನಾಗಿರಬೇಡ? ಅದೂ ಮೊದಲ ದಿನವಲ್ಲ, ಎರಡು ವರ್ಷ ಕಳೆದ ಮೇಲೆ.

ಮೊದಲೇ ಪರೀಕ್ಷೆ ಮಾಡಿಸಬಹುದಿತ್ತಲ್ಲ ಎಂದು ನಮಗೆ ಅನ್ನಿಸಬಹುದು. ಇವತ್ತು ಕಣ್ಣಿನ ಡಾಕ್ಟರ ಬಳಿ ಚುಕ್ಕೆಗಳ ಒಳಗೆ ಅಂಕಿ ಬರೆದ ಬಣ್ಣದ ಪುಸ್ತಕ ಇರುತ್ತದೆ. ಅದನ್ನು ಜಪಾನಿನ ಇಷಿಹರಾ ಎಂಬ ವೈದ್ಯರು ಪ್ರಕಟಿಸಿದ್ದು 1917ರಲ್ಲಿ. ಲಕ್ಷ್ಮಣ ಕಾಲೇಜು ಸೇರಿ ಮೂವತ್ತೆರಡು ವರ್ಷ ಆದ ಮೇಲೆ. ಹುಟ್ಟಿನಿಂದ ಬರುವ ಈ ತೊಂದರೆ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಬಹಳ ಹೆಚ್ಚು. ಎಷ್ಟೋ ಜನರಿಗೆ ತಮಗಿದೆ ಎಂದು ಗೊತ್ತೇ ಇರುವುದಿಲ್ಲ, ಯಾಕೆಂದರೆ ಕಾಣದೇ ಇರುವುದು ಏನೆಂದು ಕಾಣದವನಿಗೆ ತಿಳಿಯುವುದಾದರೂ ಹೇಗೆ? ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಓದುತ್ತಿರುವ ಗೆಳೆಯರಿಗೆ ಒಂದು ಕಿವಿಮಾತು: ಆ ಹುದ್ದೆಗೆ ಬಣ್ಣದ ದೃಷ್ಟಿ ಪೂರ್ತಿ ಸರಿ ಇರಬೇಕು, ಲಿಖಿತ ಪರೀಕ್ಷೆಯೆಲ್ಲ ಮುಗಿದ ಮೇಲೆ ಮೆಡಿಕಲ್‌ನಲ್ಲಿ ಅದು ಗೊತ್ತಾದರೆ ಓದಿದ ವರ್ಷಗಳು ವಾಪಸ್ ಬರುವುದಿಲ್ಲ. ಕೋಚಿಂಗ್ ಫೀಸ್ ಕಟ್ಟುವ ಮುಂಚೆ ಒಮ್ಮೆ ಕಣ್ಣು ತೋರಿಸಿ. ನಾನು ತೋರಿಸಿಕೊಂಡೆ.

ಲಕ್ಷ್ಮಣನ ಮುಂದೆ ಆಗ ಎರಡು ದಾರಿ ಇತ್ತು. ಒಂದು, ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದು ತಂದೆ ಹೇಳಿದ್ದೇ ಸರಿ ಎಂದು ಒಪ್ಪುವುದು. ಇನ್ನೊಂದು, ಬಣ್ಣ ಕಾಣದಿದ್ದರೂ ಹಟಕ್ಕೆ ಬಿದ್ದು ಚಿತ್ರವನ್ನೇ ಹಿಡಿದುಕೊಳ್ಳುವುದು. ಅವನು ಎರಡನ್ನೂ ಮಾಡಲಿಲ್ಲ. ಬಣ್ಣದ ಕೆಲಸ ಬಿಟ್ಟ, ಡ್ರಾಯಿಂಗ್ ಬಿಡಲಿಲ್ಲ. ಮೆಕ್ಯಾನಿಕಲ್ ಡ್ರಾಯಿಂಗ್ ಕಲಿಯುವುದನ್ನು ಮುಂದುವರಿಸಿದ.

ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಡ್ರಾಯಿಂಗ್ ಪೇಪರ್ ಜೊತೆ ಗುದ್ದಾಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಯಂತ್ರದ ನಕ್ಷೆಗೆ ಬಣ್ಣ ಬೇಡ. ಕಾಣುವ ಅಂಚಿಗೆ ದಪ್ಪ ಗೆರೆ, ಒಳಗೆ ಮರೆಯಾದ ಅಂಚಿಗೆ ತುಂಡು ತುಂಡು ಗೆರೆ, ನಡುಮಧ್ಯ ತೋರಿಸಲು ಒಂದು ಉದ್ದ ಒಂದು ಗಿಡ್ಡ ಗೆರೆ. ಮೇಲಿನಿಂದ ನೋಡಿದರೆ ಹೇಗೆ, ಮುಂದಿನಿಂದ ಹೇಗೆ, ಪಕ್ಕದಿಂದ ಹೇಗೆ. ಕಾಗದದ ಮೇಲಿನ ಮೂರು ನೋಟ ನೋಡಿ ಇನ್ನೂ ಹುಟ್ಟದ ಒಂದು ಕಬ್ಬಿಣದ ತುಂಡನ್ನು ಕಣ್ಣಮುಂದೆ ತಿರುಗಿಸಿ ನೋಡುವ ಶಕ್ತಿ ಬೇಕು. ಚಿಕ್ಕಂದಿನಿಂದ ಚಿತ್ರ ಬರೆದ ಕೈಗೆ, ಸಾಮಾನು ಬಿಚ್ಚಿ ನೋಡಿದ ಕಣ್ಣಿಗೆ ಅದು ಆಗಲೇ ಅರ್ಧ ಬಂದಿರುತ್ತದೆ. ಅಜ್ಜ ತಮ್ಮ ಕಾಲದ ಬ್ಲೂಪ್ರಿಂಟ್ ಬಗ್ಗೆ ಹೇಳುವಾಗ ಗಾಳಿಯಲ್ಲೇ ಬೆರಳಿನಿಂದ ಗೆರೆ ಎಳೆಯುತ್ತಾರೆ. ಡ್ರಾಯಿಂಗ್ ಓದಲು ಬಾರದ ಟರ್ನರ್ ಎಂದರೆ ಅವರಿಗೆ ಟರ್ನರೇ ಅಲ್ಲ.

1887ರಲ್ಲಿ ಮುಂಬೈನಲ್ಲಿ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಎಂಬ ಹೊಸ ಸಂಸ್ಥೆ ಶುರುವಾಯಿತು. ಇವತ್ತಿನ ವಿಜೆಟಿಐ. ಮುಂಬೈನ ಬಟ್ಟೆ ಗಿರಣಿಗಳಿಗೆ ಕೆಲಸ ಬಲ್ಲವರು ಬೇಕಿತ್ತು, ಅವರನ್ನು ತಯಾರು ಮಾಡುವುದು ಅದರ ಗುರಿ. ಲಕ್ಷ್ಮಣರಾಯರಿಗೆ ಅಲ್ಲಿ ಮೆಕ್ಯಾನಿಕಲ್ ಡ್ರಾಯಿಂಗ್ ಕಲಿಸುವ ಸಹಾಯಕ ಶಿಕ್ಷಕನ ಕೆಲಸ ಸಿಕ್ಕಿತು. ಇನ್ನು ಮೇಲೆ ಬಹುವಚನವೇ ಸರಿ, ಹುಡುಗ ಈಗ ಮೇಷ್ಟ್ರು.

ಕೆಲಸ ಸಿಕ್ಕಿದ್ದರಿಂದ ಮನೆಯವರಿಗೆ ನೆಮ್ಮದಿ ಆಗಿರಬೇಕು. ಆದರೆ ಅವರ ನಿಜವಾದ ಓದು ಶುರುವಾಗಿದ್ದು ಆಮೇಲೆ. ತಾವು ಕಲಿಸುತ್ತಿದ್ದ ಸಂಸ್ಥೆಯಲ್ಲಿ ಯಂತ್ರಗಳಿದ್ದವು, ಪುಸ್ತಕಗಳಿದ್ದವು. ಬಿಡುವಿನಲ್ಲಿ ಎರಡನ್ನೂ ಓದಿದರು. ಮುಂಬೈನ ಕಾರ್ಖಾನೆಗಳಿಗೆ ಹೋಗಿ ಕೈ ಮಸಿ ಮಾಡಿಕೊಂಡು ಕೆಲಸ ಕಲಿತರು. ಎಂಜಿನಿಯರಿಂಗ್ ಪದವಿ ಅವರಿಗೆ ಯಾವ ಕಾಲೇಜೂ ಕೊಡಲಿಲ್ಲ. ಒಬ್ಬ ಮನುಷ್ಯನಿಗೆ ಒಂದು ಕಾಲೇಜು ಏನು ಕೊಡಬಲ್ಲದು ಎಂದು ಯೋಚಿಸುವಾಗ ನಾವು ಸರ್ಟಿಫಿಕೇಟ್, ಪ್ಲೇಸ್‌ಮೆಂಟ್ ಎರಡನ್ನೇ ಎಣಿಸುತ್ತೇವೆ. ನಾನು ಓದಿದ ಕಾಲೇಜಿನಲ್ಲೂ ಒಂದು ಲೈಬ್ರರಿ ಇತ್ತು. ಮೂರು ವರ್ಷದಲ್ಲಿ ನಾನು ಅದರೊಳಗೆ ಹೋದದ್ದು ನೋ ಡ್ಯೂ ಸಹಿ ಹಾಕಿಸಿಕೊಳ್ಳಲು, ಒಂದೇ ಸಲ.

ಸೈಕಲ್ಲಿನ ಕಥೆ ಇದೇ ಕಾಲದ್ದು. ಮುಂಬೈನಲ್ಲಿ ಒಬ್ಬ ಮನುಷ್ಯ ಎರಡು ಚಕ್ರದ ಗಾಡಿಯ ಮೇಲೆ ಕೂತು ಹೋಗುವುದನ್ನು ಲಕ್ಷ್ಮಣರಾಯರು ಮೊದಲ ಸಲ ಕಂಡರು. ನೋಡಿದವರೆಲ್ಲ ಬಾಯಿ ಬಿಟ್ಟು ನಿಂತಾಗ ಇವರು ವ್ಯಾಪಾರ ಯೋಚಿಸಿದರು. ಮುಂಬೈನಲ್ಲಿ ಸೈಕಲ್ ಕೊಂಡು ಬೆಳಗಾವಿಯಲ್ಲಿದ್ದ ರಾಮುವಣ್ಣನಿಗೆ ಕಳಿಸುವುದು, ಅಣ್ಣ ಅಲ್ಲಿ ಮಾರುವುದು. ಒಂದು ಸೈಕಲ್ಲಿಗೆ 700ರಿಂದ 1,000 ರೂಪಾಯಿ. ಆ ಕಾಲದ 1,000 ರೂಪಾಯಿ! ತುಳಿಯುವುದನ್ನು ಕಲಿಸಲು ಬೇರೆ 15 ರೂಪಾಯಿ. ಅಣ್ಣತಮ್ಮಂದಿರ ಅಂಗಡಿಗೆ ಕಿರ್ಲೋಸ್ಕರ್ ಬ್ರದರ್ಸ್ ಎಂದು ಹೆಸರು. ಆ ಅಂಗಡಿಯ ವರ್ಷ 1888. ಕಿರ್ಲೋಸ್ಕರ್ ಕಂಪನಿಗಳು ಇವತ್ತಿಗೂ ತಮ್ಮ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತವೆ. ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆ ಈಗಲೂ ಇದೆ. ತಮ್ಮನನ್ನು ಚಿತ್ರಕಲೆ ಓದಿಸಿದ ಅಣ್ಣ, ತಮ್ಮ ಚಿತ್ರಕಾರನಾಗದೆ ಹೋದ ಮೇಲೂ ಲೆಕ್ಕ ಕೇಳದೆ ಅವನ ಜೊತೆಗೇ ಅಂಗಡಿ ಹಾಕಿದರಲ್ಲ, ಈ ಕಥೆಯಲ್ಲಿ ನನಗೆ ಹೆಚ್ಚು ಕಾಡುವವರು ಅವರೇ.

ವಿಜೆಟಿಐನಲ್ಲಿ ಒಂದು ಬಡ್ತಿ ಲಕ್ಷ್ಮಣರಾಯರಿಗೆ ಬರಬೇಕಿತ್ತು. ಅದು ಒಬ್ಬ ಆಂಗ್ಲೋ ಇಂಡಿಯನ್ ಸಹೋದ್ಯೋಗಿಗೆ ಹೋಯಿತು. ಬ್ರಿಟಿಷರ ಕಾಲದಲ್ಲಿ ಇದೇನು ಹೊಸದಲ್ಲ, ಎಷ್ಟೋ ಜನ ನುಂಗಿಕೊಂಡು ಪೆನ್ಷನ್ ತನಕ ದುಡಿದರು. ಇವರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಕಾಯಂ ಕೆಲಸ ಬಿಟ್ಟರು ಎಂದು ಓದುವಾಗ ನಮ್ಮಂಥವರಿಗೆ ಮೈ ಜುಮ್ಮೆನ್ನುತ್ತದೆ. ಆದರೆ ಬೆಳಗಾವಿಯಲ್ಲಿ ಆಗಲೇ ನಡೆಯುತ್ತಿದ್ದ ಒಂದು ಅಂಗಡಿ ಇತ್ತು ಎನ್ನುವುದನ್ನೂ ಮರೆಯಬಾರದು.

ಬೆಳಗಾವಿಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಹಾಕಿ ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ನೇಗಿಲು. ಆಗ ನಮ್ಮ ರೈತರದ್ದು ಮರದ ನೇಗಿಲು, ತುದಿಗೆ ಮಾತ್ರ ಕಬ್ಬಿಣದ ಕುಳ. ಪೂರ್ತಿ ಕಬ್ಬಿಣದ ನೇಗಿಲು ತೋರಿಸಿದರೆ ಕಬ್ಬಿಣದ ವಿಷ ಮಣ್ಣಿಗೆ ಇಳಿದು ಭೂಮಿ ಕೆಡುತ್ತದೆ ಎಂದು ರೈತರು ದೂರ ಸರಿದರು. ಒಂದೇ ಒಂದು ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷ ಎಂದರೆ ಅವರು ಬಣ್ಣದ ಹಿಂದೆ ಕಳೆದಷ್ಟೇ ಕಾಲ. ಬಣ್ಣ ಬಿಟ್ಟವರು ನೇಗಿಲು ಬಿಡಲಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಅವರಿಗೆ ಹೇಗೆ ಗೊತ್ತಾಯಿತು? ನನ್ನ ಲೆಕ್ಕದಲ್ಲಿ ಹೀಗೆ: ಬಣ್ಣದ ತೊಂದರೆ ಅವರ ಕಣ್ಣಿನಲ್ಲಿತ್ತು, ಅದಕ್ಕೆ ಮದ್ದಿರಲಿಲ್ಲ. ನೇಗಿಲಿನ ತೊಂದರೆ ಕೊಳ್ಳುವವರ ನಂಬಿಕೆಯಲ್ಲಿತ್ತು, ಹೊಲದಲ್ಲಿ ಉತ್ತು ತೋರಿಸಿದರೆ ಅದು ಕರಗುತ್ತಿತ್ತು. ಕಪ್ಪು ಮಣ್ಣಿನ ಸೀಮೆಯಲ್ಲಿ ಕಿರ್ಲೋಸ್ಕರ್ ರೆಂಟೆ ಎನ್ನುವುದು ಮುಂದೆ ಮನೆಮಾತಾಯಿತು.

ಅಷ್ಟರಲ್ಲಿ ಇನ್ನೊಂದು ಪೆಟ್ಟು. ಬೆಳಗಾವಿ ಊರು ಬೆಳೆಯುತ್ತಿತ್ತು, ಹೊಸ ಬಡಾವಣೆಗೆ ಜಾಗ ಬೇಕೆಂದು ಪುರಸಭೆ ಅವರ ವರ್ಕ್‌ಶಾಪನ್ನು ಎಬ್ಬಿಸಿತು. ಮಾಡಿದ ನೇಗಿಲು, ಯಂತ್ರ, ಆಳುಗಳನ್ನು ಕಟ್ಟಿಕೊಂಡು ಹೋಗುವುದೆಲ್ಲಿಗೆ? ಆಗ ಕೈ ಹಿಡಿದವರು ಔಂಧ್ ಎಂಬ ಸಣ್ಣ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ಊರೂರಿಗೆ ಹಬ್ಬಿಸಿದವರು ಇವರೇ. ತಮಾಷೆ ಎಂದರೆ ಈ ರಾಜ ಸ್ವತಃ ಚಿತ್ರಕಾರ. ಔಂಧಿನಲ್ಲಿ ದೊಡ್ಡ ಚಿತ್ರಸಂಗ್ರಹಾಲಯ ಕಟ್ಟಿಸಿದವರು. ಬಣ್ಣ ಬಲ್ಲ ರಾಜ, ಬಣ್ಣ ಕೈಬಿಟ್ಟ ಮೇಷ್ಟ್ರಿಗೆ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಜಾಗ ಮತ್ತು 10,000 ರೂಪಾಯಿ ಬಡ್ಡಿಯಿಲ್ಲದ ಸಾಲ ಕೊಟ್ಟರು.

ಜಾಗವೇನೋ ಸಿಕ್ಕಿತು. ಅಲ್ಲಿ ಇದ್ದದ್ದು ಪಾಪಾಸುಕಳ್ಳಿ ಮತ್ತು ನಾಗರಹಾವು. 1910ರ ಮಾರ್ಚ್ 10ರಂದು ಅಲ್ಲಿಗೆ ಬಿಡಾರ ಹೋಯಿತು. ಆ ಊರೇ ಕಿರ್ಲೋಸ್ಕರವಾಡಿ. ಹರಿಹರದಲ್ಲಿ ರೈಲು ಹತ್ತಿ ಹುಬ್ಬಳ್ಳಿ, ಬೆಳಗಾವಿ, ಮೀರಜ್ ದಾಟಿ ಪುಣೆ ಕಡೆಗೆ ಹೋಗುವವರು ದಾರಿಯಲ್ಲಿ ಆ ನಿಲ್ದಾಣ ನೋಡಬಹುದು. ಕಾರ್ಮಿಕರಿಗೆ ಮನೆ, ನೀರು ಎಲ್ಲ ಸೇರಿಸಿ ಒಂದು ಕಾರ್ಖಾನೆ ಊರು ಕಟ್ಟಬೇಕೆಂಬುದು ಲಕ್ಷ್ಮಣರಾಯರ ಆಸೆ. ಯುರೋಪಿನಲ್ಲಿ ಅಂಥ ಊರುಗಳಿವೆ ಎಂದು ಅವರು ಓದಿಕೊಂಡಿದ್ದರು. ಊರು ಕಟ್ಟುವ ಕೆಲಸ ನೋಡಿಕೊಂಡವರು ಮತ್ತೆ ರಾಮುವಣ್ಣನೇ.

ಆ ಊರಿಗೆ ಸೇರಿದ ಮೊದಲ ಜನರನ್ನು ನೋಡಿದರೆ ಇವತ್ತಿನ ಎಚ್‌ಆರ್‌ನವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಅನಂತರಾವ್ ಫಳ್ಣೀಕರ್ ಶಾಲೆಯನ್ನು ಅರ್ಧಕ್ಕೆ ಬಿಟ್ಟವರು, ಅಲ್ಲಿ ಒಳ್ಳೆಯ ಎಂಜಿನಿಯರ್ ಆದರು. ರಾತ್ರಿ ಕಾವಲಿಗೆ ಇಟ್ಟುಕೊಂಡದ್ದು ಹಿಂದೆ ಜೈಲು ಕಂಡವರನ್ನು. ಕಳ್ಳತನ ಮಾಡಿದವನನ್ನೇ ಕಾವಲಿಗೆ ನಿಲ್ಲಿಸಲು ಎಷ್ಟು ಧೈರ್ಯ ಬೇಕು! ಅಸ್ಪೃಶ್ಯತೆಗೆ ಆ ಊರಿನಲ್ಲಿ ಜಾಗವಿಲ್ಲ ಎಂದೂ ಲಕ್ಷ್ಮಣರಾಯರು ಪಟ್ಟು ಹಿಡಿದರು. 1910ರ ಸುಮಾರಿನ ಹಳ್ಳಿಗಾಡಿನಲ್ಲಿ ಇದು ಸಣ್ಣ ಮಾತಲ್ಲ. ಸರ್ಟಿಫಿಕೇಟ್ ನೋಡದೆ ಕೈಕೆಲಸ ನೋಡಿ ಜನ ಆರಿಸುವುದು, ಸರ್ಟಿಫಿಕೇಟ್ ಇಲ್ಲದೆ ಮೇಲೆ ಬಂದವರಿಗೆ ಬಹುಶಃ ಸುಲಭ.

ಇಷ್ಟು ಕೇಳಿದವರು, ನೋಡಿ ಕಾಲೇಜೇ ಬೇಡ, ಡಿಗ್ರಿ ಇಲ್ಲದೆ ಗೆದ್ದವರು ಎಷ್ಟು ಜನ ಎಂದು ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡಿಬಿಡುತ್ತಾರೆ. ಆದರೆ ಸ್ವತಃ ಲಕ್ಷ್ಮಣರಾಯರು ಹಾಗೆ ನಂಬಲಿಲ್ಲ. 1903ರಲ್ಲಿ ಹುಟ್ಟಿದ ಮಗ ಶಂತನುರಾಯರನ್ನು ಅವರು ಓದಲು ಕಳಿಸಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ, ಅಂದರೆ ಎಂಐಟಿಗೆ. ಆಗ ಅಲ್ಲಿಗೆ ಹೋಗುವ ಭಾರತೀಯರೇ ಬೆರಳೆಣಿಕೆ. ದೊಡ್ಡ ಮನೆಯ ಮಕ್ಕಳು ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಿಯೋ ಐಸಿಎಸ್ ಮುಗಿಸಿಯೋ ಬರುತ್ತಿದ್ದ ಕಾಲ. ಶಂತನುರಾಯರು 1926ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಬಂದರು. ತಾನು ಕದ್ದುಮುಚ್ಚಿ, ಬಿಡುವಿನಲ್ಲಿ, ಅಲ್ಲಿಷ್ಟು ಇಲ್ಲಿಷ್ಟು ಕಲಿತದ್ದನ್ನು ಮಗ ನೇರವಾಗಿ, ಕ್ರಮವಾಗಿ ಕಲಿಯಲಿ ಎಂದು ಆ ತಂದೆಗೆ ಅನ್ನಿಸಿರಬೇಕು. ಆರಿಸಿದ್ದು ಹೆಸರಿಗಾಗಿ ಅಲ್ಲ, ಯಂತ್ರಕ್ಕಾಗಿ. ಕಾರ್ಖಾನೆ ನೇಗಿಲಿನಿಂದ ಪಂಪು, ಎಂಜಿನ್ ಕಡೆಗೆ ತಿರುಗುವ ಹೊತ್ತಿಗೆ ಆ ಓದು ಕೆಲಸಕ್ಕೆ ಬಂತು. ಡಿಗ್ರಿ ಇಲ್ಲದ ತಂದೆ ನೇಗಿಲು ಮಾಡಬಹುದಿತ್ತು. ಡೀಸೆಲ್ ಎಂಜಿನ್ನಿಗೆ ಅಷ್ಟು ಸಾಲುತ್ತಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

1941ರಲ್ಲಿ ಹರಿಹರಕ್ಕೆ ಮೈಸೂರು ಕಿರ್ಲೋಸ್ಕರ್ ಬಂತು. ಲಕ್ಷ್ಮಣರಾಯರಿಗೆ ಆಗ ಎಪ್ಪತ್ತು ದಾಟಿತ್ತು, ಜವಾಬ್ದಾರಿ ಮುಂದಿನ ತಲೆಮಾರಿನ ಕೈಗೆ ಹೋಗಿತ್ತು. ಮೈಸೂರು ಸಂಸ್ಥಾನದ ಗಡಿಯೂರು ಹರಿಹರ. ತುಂಗಭದ್ರೆಯ ಸೇತುವೆ ದಾಟಿದರೆ ಮುಂಬೈ ಪ್ರಾಂತ್ಯ. ಅಲ್ಲಿ ಮಾಡಿದ್ದು ಲೇತ್, ಅಂದರೆ ಯಂತ್ರ ಮಾಡುವ ಯಂತ್ರ. ಬಾತಿ, ಹರಿಹರ ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮೊದಲ ತಿಂಗಳ ಸಂಬಳ ಬಂದದ್ದು ಆ ಗೇಟಿನಿಂದ. ನಮ್ಮ ಮನೆಯೂ ಅದರಲ್ಲಿ ಒಂದು. ಹೊಸ ಶತಮಾನ ಶುರುವಾಗುವ ಹೊತ್ತಿಗೆ ಆ ಕಾರ್ಖಾನೆಯ ಕಾಲ ಮುಗಿಯಿತು. ಅದು ಬೇರೆಯೇ ಕಥೆ.

1948ರಲ್ಲಿ ಗಾಂಧೀಜಿಯ ಹತ್ಯೆಯ ನಂತರದ ಗಲಭೆಯಲ್ಲಿ ಕಿರ್ಲೋಸ್ಕರವಾಡಿಗೆ ಬೆಂಕಿ ಬಿತ್ತು. ಕಳ್ಳಿ ಕಡಿದು ಕಟ್ಟಿದ ಊರು ಉರಿಯುವುದನ್ನು ಕಾಣುವಾಗ ಲಕ್ಷ್ಮಣರಾಯರಿಗೆ ಎಂಬತ್ತರ ಹತ್ತಿರ. ಕಾರ್ಖಾನೆ ಮತ್ತೆ ಎದ್ದು ನಿಂತಿತು. 1956ರ ಸೆಪ್ಟೆಂಬರ್ 26ರಂದು ಅವರು ತೀರಿಕೊಂಡರು. ಹುಟ್ಟಿ ನೂರು ವರ್ಷವಾದ 1969ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಸ್ಟ್ಯಾಂಪ್ ತಂದಿತು.

ಅಜ್ಜ ಕಥೆ ಮುಗಿಸಿದಾಗ ಮನೆಯಲ್ಲಿ ಜಗಳ ನಿಲ್ಲಲಿಲ್ಲ, ಇನ್ನೂ ಜೋರಾಯಿತು. ಅಪ್ಪನ ಪ್ರಕಾರ ಈ ಕಥೆ ಅವರ ಪರ. ಚಿತ್ರಕಲೆ ನಂಬಿ ಹೋದವರಿಗೆ ಎರಡು ವರ್ಷ ದಂಡವಾಯಿತು, ಕೊನೆಗೆ ಅನ್ನ ಕೊಟ್ಟಿದ್ದು ಯಂತ್ರವೇ. ತಂಗಿಯ ಪ್ರಕಾರ ಕಥೆ ಅವಳ ಪರ. ಆರ್ಟ್ ಸ್ಕೂಲಿಗೆ ಹೋಗದೇ ಇದ್ದಿದ್ದರೆ ಡ್ರಾಯಿಂಗ್ ಕಲಿಯುತ್ತಿರಲಿಲ್ಲ, ಡ್ರಾಯಿಂಗ್ ಕಲಿಯದಿದ್ದರೆ ವಿಜೆಟಿಐ ಇಲ್ಲ, ನೇಗಿಲೂ ಇಲ್ಲ. ಅದರ ಮೇಲೆ ತನ್ನ ಕಣ್ಣಿಗೆ ಎಲ್ಲ ಬಣ್ಣವೂ ಕಾಣುತ್ತದೆ ಎಂದು ಬೇರೆ ಸೇರಿಸಿದಳು. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. ಪಟ್ಟಿಯಲ್ಲಿ ಬರೆದ ಇಷ್ಟು ಕಾಲೇಜಿನಲ್ಲಿ ಒಂದನ್ನಾದರೂ ಒಳಗೆ ಹೋಗಿ ನೋಡಿದವರು ಈ ಮನೆಯಲ್ಲಿ ಯಾರಿದ್ದಾರೆ ಎಂದು. ಅಪ್ಪ ನೋಡಿರಲಿಲ್ಲ. ತಂಗಿಯೂ ದೃಶ್ಯಕಲಾ ಕಾಲೇಜನ್ನು ಗೇಟಿನಿಂದ ಆಚೆ ನಿಂತು ನೋಡಿದ್ದಳು ಅಷ್ಟೆ.

ಸೋಮವಾರ ಬೆಳಗ್ಗೆ ಎಲ್ಲರೂ ದಾವಣಗೆರೆಗೆ ಹೋಗುವುದೆಂದು ತೀರ್ಮಾನವಾಗಿದೆ. ಮೊದಲು ದೃಶ್ಯಕಲಾ ಕಾಲೇಜು, ಆಮೇಲೆ ಬಿಡಿಟಿ. ಎರಡೂ ಕಡೆ ಪಾಠ ಮಾಡುವವರನ್ನು, ಅದಕ್ಕಿಂತ ಮುಖ್ಯವಾಗಿ ಅಲ್ಲಿ ಈಗ ಓದುತ್ತಿರುವವರನ್ನು ಮಾತಾಡಿಸಬೇಕು, ಹೋದ ವರ್ಷ ಮುಗಿಸಿದವರು ಎಲ್ಲಿದ್ದಾರೆ ಎಂದು ಕೇಳಬೇಕು. ಕೇಳುವ ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾನೇ ಬರೆದಿದ್ದೇನೆ, ಹನ್ನೊಂದಾಗಿವೆ. ನಾನು ಕಾಲೇಜು ಸೇರುವಾಗ ಇವುಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ಅಜ್ಜನಿಗೆ ಮೊಣಕಾಲು ನೋವು, ಮನೆಯಲ್ಲೇ ಇರಿ ಎಂದರೆ ಕೇಳುತ್ತಿಲ್ಲ. ಬಿಡಿಟಿಯ ವರ್ಕ್‌ಶಾಪಿನಲ್ಲಿ ಹರಿಹರದ ಲೇತ್ ಇದೆಯೋ ಇಲ್ಲವೋ ನೋಡಬೇಕಂತೆ.